ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸ್‌ಗೆ ಬಂದೆವು: ಸಂಗೀತ ಪಾಠದ ದುಡ್ಡನ್ನು ಯಾವ ಸ್ಟೇಟ್‌ಗೆ ತೋರಿಸಬೇಕು?

ಶ್ರುತಿಪೆಟ್ಟಿಗೆ · 14 ಫೆಬ್ರವರಿ 2026

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಕೇಳದೆ ವಿಧಿಯಿಲ್ಲ.

ಫ್ರೀಮಾಂಟ್‌ನಲ್ಲಿದ್ದಾಗ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದೆ. ಎಚ್4 ಇಎಡಿ ಇದೆ, ಅಂದರೆ ಎಚ್1ಬಿ ವೀಸಾದವರ ಹೆಂಡತಿಗೆ ಕೆಲಸ ಮಾಡಲು ಸಿಗುವ ಅನುಮತಿ. ಎಲ್‌ಎಲ್‌ಸಿ ಗಿಲ್‌ಎಲ್‌ಸಿ ಅಂತ ಕಂಪನಿ ಏನೂ ಇಲ್ಲ, ನನ್ನ ಹೆಸರಲ್ಲೇ ಪಾಠ. ಯಜಮಾನರ ಕೆಲಸ ಡಲ್ಲಾಸ್ ಕಡೆಗೆ ಬದಲಾಯಿತು. 2025ರ ಆಗಸ್ಟ್ 1ಕ್ಕೆ ಎಲ್ಲರೂ ಫ್ರಿಸ್ಕೋಗೆ ಬಂದೆವು.

ಪಾಠ ನಿಲ್ಲಲಿಲ್ಲ. 22 ಮಕ್ಕಳಲ್ಲಿ 13 ಮಕ್ಕಳು ಝೂಮ್‌ನಲ್ಲೇ ಮುಂದುವರಿದರು. ಅಕ್ಟೋಬರ್‌ನಿಂದ ಇಲ್ಲಿಯ 6 ಮಕ್ಕಳು ಮನೆಗೆ ಬರುತ್ತಿದ್ದಾರೆ. ಒಬ್ಬೊಬ್ಬರಿಗೆ ತಿಂಗಳಿಗೆ 100 ಡಾಲರ್.

ನನ್ನ ಲೆಕ್ಕ ಒಂದು ನೋಟ್‌ಬುಕ್‌ನಲ್ಲಿದೆ. ಮುಂದಿನಿಂದ ಸ್ವರ ಸಾಹಿತ್ಯ, ಹಿಂದಿನಿಂದ ಫೀಸು. ಅದರ ಪ್ರಕಾರ:

ಜನವರಿಯಿಂದ ಜುಲೈ: 22 ಮಕ್ಕಳು, 7 ತಿಂಗಳು, 15,400 ಡಾಲರ್.
ಆಗಸ್ಟ್‌ನಿಂದ ಡಿಸೆಂಬರ್, ಹಳೇ ಮಕ್ಕಳು: 13 ಮಕ್ಕಳು, 5 ತಿಂಗಳು, 6,500 ಡಾಲರ್.
ಅಕ್ಟೋಬರ್‌ನಿಂದ ಡಿಸೆಂಬರ್, ಇಲ್ಲಿಯ ಮಕ್ಕಳು: 6 ಮಕ್ಕಳು, 3 ತಿಂಗಳು, 1,800 ಡಾಲರ್.

ಒಟ್ಟು 23,700. ಖರ್ಚು 3,900. ಅದರಲ್ಲಿ 2,700 ಅಲ್ಲಿದ್ದಾಗ ಮಾಡಿದ್ದು, 1,200 ಇಲ್ಲಿಗೆ ಬಂದ ಮೇಲೆ.

ಯಜಮಾನರು ಹೇಳೋದು ಇಷ್ಟೇ: "ಆಗಸ್ಟ್‌ನಿಂದ ನಮಗೆ ಸ್ಟೇಟ್ ಟ್ಯಾಕ್ಸೇ ಇಲ್ಲ. 15,400 ಕ್ಯಾಲಿಫೋರ್ನಿಯಾಗೆ ತೋರಿಸು, ಉಳಿದದ್ದು ಮರೆತುಬಿಡು." ಇದು ಸರೀನಾ? ಫೆಡರಲ್‌ಗೆ (ಕೇಂದ್ರ ಸರ್ಕಾರದ ತೆರಿಗೆಗೆ) ಎರಡು ಶೆಡ್ಯೂಲ್ ಸಿ, ಅಂದರೆ ಸ್ವಂತ ವ್ಯಾಪಾರದ ಲಾಭ ತೋರಿಸುವ ಫಾರ್ಮ್, ಹಾಕಬೇಕಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಮಂಡ್ಯ_ಟು_ಮಿಲ್ಪಿಟಾಸ್ · 14 ಫೆಬ್ರವರಿ

ಅಕ್ಕಾ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಫೀಸು ಝೆಲ್‌ನಲ್ಲಿ ಬರೋದು ತಾನೇ? ಝೆಲ್‌ನವರು 1099-ಕೆ ಅನ್ನೋ ಆದಾಯದ ಫಾರ್ಮ್ ಕಳಿಸೋದೇ ಇಲ್ಲ. ಯಾರಿಗೂ ಗೊತ್ತಾಗಲ್ಲ. ತೋರಿಸಲೇಬೇಕು ಅನ್ನಿಸಿದರೆ ಭಾವನ ಹೆಸರಲ್ಲಿ ಹಾಕಿಬಿಡಿ, ಹೇಗೂ ಜಾಯಿಂಟ್ ರಿಟರ್ನ್ ಅಲ್ವಾ.

ಲೆಕ್ಕದ_ಮೇಷ್ಟ್ರು · 14 ಫೆಬ್ರವರಿ

ತಮ್ಮಾ, ಒಂದೇ ಉಸಿರಲ್ಲಿ ಎರಡು ತಪ್ಪು ಹೇಳಿದೆ.

ಝೆಲ್‌ನಿಂದ ಫಾರ್ಮ್ ಬರಲ್ಲ ಅನ್ನೋದು ನಿಜ. ಫಾರ್ಮ್ ಬರಲಿಲ್ಲ ಅಂದರೆ ಆದಾಯ ಇಲ್ಲ ಅಂತ ಅಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಸ್ವಂತ ದುಡಿಮೆಯ ನಿವ್ವಳ ಲಾಭ 400 ಡಾಲರ್ ಮುಟ್ಟಿದರೆ ರಿಟರ್ನ್ ಹಾಕಲೇಬೇಕು, ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಕಟ್ಟಲೇಬೇಕು. ನಾಳೆ ಗ್ರೀನ್ ಕಾರ್ಡ್ ಫೈಲಿನಲ್ಲಿ ಹಳೇ ರಿಟರ್ನ್ ಕೇಳಿದಾಗ ಏನು ತೋರಿಸುತ್ತೀರಿ?

ಎರಡನೆಯದು ಇನ್ನೂ ಅಪಾಯ. ಎಚ್1ಬಿ ಇರುವವರು ತಮಗಾಗಿ ವೀಸಾ ಅರ್ಜಿ ಹಾಕಿದ ಕಂಪನಿಯ ಕೆಲಸವಲ್ಲದೆ ಸ್ವಂತ ವ್ಯಾಪಾರ ಮಾಡುವಂತಿಲ್ಲ. ಹೆಂಡತಿಯ ಪಾಠವನ್ನು ಗಂಡನ ಹೆಸರಲ್ಲಿ ಶೆಡ್ಯೂಲ್ ಸಿ ಹಾಕಿದರೆ, ತಾನೇ ಕೈಯಾರೆ ಸಹಿ ಹಾಕಿ ತಪ್ಪೊಪ್ಪಿಕೊಂಡ ಹಾಗೆ. ಜಾಯಿಂಟ್ ರಿಟರ್ನ್ ಆದರೂ ಶೆಡ್ಯೂಲ್ ಸಿ ಮೇಲೆ ಪಾಠ ಹೇಳುವವರ ಹೆಸರೇ ಇರಬೇಕು. ಸೋಶಿಯಲ್ ಸೆಕ್ಯೂರಿಟಿ ಕ್ರೆಡಿಟ್ಟೂ ಅವರ ಖಾತೆಗೇ ಸೇರುತ್ತದೆ.

ಮೇಡಂ, ನಿಮ್ಮ ಪ್ರಶ್ನೆಗೆ ರಾತ್ರಿ ಕೂತು ಬರೆಯುತ್ತೇನೆ. ನಾನು ಸಿಪಿಎ (ಪರವಾನಗಿ ಇರುವ ಲೆಕ್ಕಿಗ) ಅಲ್ಲ. ಹನ್ನೆರಡು ವರ್ಷ ತೆರಿಗೆ ಸೀಸನ್‌ನಲ್ಲಿ ಲೈಬ್ರರಿಯಲ್ಲಿ ಉಚಿತವಾಗಿ ರಿಟರ್ನ್ ತುಂಬಿಕೊಟ್ಟ ಸ್ವಯಂಸೇವಕ, ಅಷ್ಟೇ.

ಮಂಡ್ಯ_ಟು_ಮಿಲ್ಪಿಟಾಸ್ · 14 ಫೆಬ್ರವರಿ

ಸರಿ ಮೇಷ್ಟ್ರೇ, ಬಾಯಿ ಮುಚ್ಚಿದೆ.

ಲೆಕ್ಕದ_ಮೇಷ್ಟ್ರು · 14 ಫೆಬ್ರವರಿ, ರಾತ್ರಿ

ಮೊದಲು ಸುಲಭದ್ದು. ಫೆಡರಲ್‌ಗೆ ಒಂದೇ ಶೆಡ್ಯೂಲ್ ಸಿ. ನೀವು ಊರು ಬದಲಾಯಿಸಿದಿರಿ, ವ್ಯಾಪಾರ ಬದಲಾಯಿಸಲಿಲ್ಲ. ಒಟ್ಟು 23,700, ಖರ್ಚು 3,900, ಲಾಭ 19,800. ಈಗಿನ ವಿಳಾಸ ಬರೆಯಿರಿ. ಐಆರ್‌ಎಸ್‌ಗೆ, ಅಂದರೆ ಫೆಡರಲ್ ತೆರಿಗೆ ಇಲಾಖೆಗೆ, ನೀವು ಯಾವ ಸ್ಟೇಟ್‌ನಲ್ಲಿ ಕೂತು ಸರಳೆ ವರಸೆ ಹೇಳಿಕೊಟ್ಟಿರಿ ಅನ್ನೋದು ಬೇಕಿಲ್ಲ.

ಈ 19,800ರ ಮೇಲೆ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್: ಶೇಕಡಾ 92.35 ತೆಗೆದುಕೊಂಡರೆ 18,285. ಅದರ ಶೇಕಡಾ 15.3 ಅಂದರೆ ಸುಮಾರು 2,798 ಡಾಲರ್. ಟೆಕ್ಸಾಸ್‌ಗೆ ಬಂದರೂ ಇದು ತಪ್ಪಲ್ಲ, ಇದು ಫೆಡರಲ್. ಇದರ ಅರ್ಧ ಆದಾಯದಿಂದ ಕಳೆಯುತ್ತದೆ ಅನ್ನೋದೊಂದು ಸಮಾಧಾನ.

ಈಗ ಸ್ಟೇಟ್. ನೀವು ಕ್ಯಾಲಿಫೋರ್ನಿಯಾದಲ್ಲಿ ವರ್ಷದ ಒಂದು ಭಾಗಕ್ಕೆ ಮಾತ್ರ ನಿವಾಸಿ. ಫಾರ್ಮ್ 540ಎನ್‌ಆರ್, ಜೊತೆಗೆ ಅದರ ಶೆಡ್ಯೂಲ್ ಸಿಎ. ನಿವಾಸಿಯಾಗಿದ್ದ ಏಳು ತಿಂಗಳಲ್ಲಿ ಪ್ರಪಂಚದ ಯಾವ ಮೂಲೆಯಿಂದ ಬಂದ ದುಡ್ಡಾದರೂ ಅವರ ಲೆಕ್ಕಕ್ಕೆ. ಹೊರಟ ಮೇಲೆ, ಕ್ಯಾಲಿಫೋರ್ನಿಯಾ ಮೂಲದ ಆದಾಯ ಮಾತ್ರ.

ಯಜಮಾನರು ಎಡವಿದ್ದು ಈ "ಮೂಲ" ಅನ್ನೋ ಪದದಲ್ಲಿ. ಸಂಬಳಕ್ಕಾದರೆ ಕೆಲಸ ಮಾಡಿದ ಜಾಗವೇ ಮೂಲ. ಅವರು ಫ್ರಿಸ್ಕೋದಲ್ಲಿ ಕೂತು ದುಡಿದ ಸಂಬಳ ಕ್ಯಾಲಿಫೋರ್ನಿಯಾದ್ದಲ್ಲ. ಸ್ವಂತ ಸೇವೆಯ ವ್ಯಾಪಾರ ಎರಡು ಸ್ಟೇಟ್‌ಗೆ ಹರಡಿದ್ದರೆ ಹಾಗಲ್ಲ. ಅಲ್ಲಿ ನೋಡೋದು ನೀವೆಲ್ಲಿ ಕೂತಿದ್ದೀರಿ ಅಂತಲ್ಲ, ನಿಮ್ಮ ಸೇವೆಯ ಲಾಭ ಗಿರಾಕಿಗೆ ಎಲ್ಲಿ ಸಿಕ್ಕಿತು ಅಂತ. ಗಿರಾಕಿ ಸಾಮಾನ್ಯ ವ್ಯಕ್ತಿಯಾದರೆ ಅವರ ಬಿಲ್ಲಿಂಗ್ ವಿಳಾಸವೇ ಆ ಜಾಗ ಅಂತ ಮೊದಲಿಗೆ ಹಿಡಿಯುತ್ತಾರೆ.

ಆ 13 ಮಕ್ಕಳ ಮನೆ ಎಲ್ಲಿದೆ? ಫ್ರೀಮಾಂಟ್, ಯೂನಿಯನ್ ಸಿಟಿ ಕಡೆ ಅಲ್ವಾ? ಹಾಗಾದರೆ ಆ 6,500 ಕ್ಯಾಲಿಫೋರ್ನಿಯಾದ್ದೇ.

ಶ್ರುತಿಪೆಟ್ಟಿಗೆ · 15 ಫೆಬ್ರವರಿ

ಅಯ್ಯೋ ದೇವರೇ. ನಾನು ಫ್ರಿಸ್ಕೋದ ಮನೆಯಲ್ಲಿ, ಟೆಕ್ಸಾಸ್ ಕರೆಂಟು ಉರಿಸಿ, ಟೆಕ್ಸಾಸ್ ಇಂಟರ್ನೆಟ್ಟಲ್ಲಿ ಪಾಠ ಮಾಡಿದ್ದಕ್ಕೆ ಅವರಿಗೆ ಯಾಕೆ ತೆರಿಗೆ? ಯಜಮಾನರಿಗೆ ಓದಿ ಹೇಳಿದೆ. ನಂಬುತ್ತಿಲ್ಲ.

ಕರಾವಳಿ_ಕಾಫಿ · 15 ಫೆಬ್ರವರಿ

ನಂಬಲಿಕ್ಕೆ ಕಷ್ಟವೇ ಮಾರಾಯ್ರೆ. ನನಗೂ ಹಾಗೇ ಆಗಿತ್ತು. ನಾನು 2021ರಲ್ಲಿ ಸ್ಯಾನ್ ಹೊಸೆಯಿಂದ ಆಸ್ಟಿನ್‌ಗೆ ಬಂದವನು. ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹಳೇ ಗಿರಾಕಿ ಒಬ್ಬರು ಅಲ್ಲಿಂದಲೇ ಕೆಲಸ ಕೊಡುತ್ತಿದ್ದರು, ವರ್ಷದ ಕೊನೆಗೆ, ಕೊಟ್ಟ ದುಡ್ಡಿನ ಲೆಕ್ಕದ ಫಾರ್ಮ್ 1099-ಎನ್‌ಇಸಿ ಕಳಿಸಿದರು. ನಾನು "ಟೆಕ್ಸಾಸ್‌ನವ, ನನಗೇನು" ಅಂತ 2022ಕ್ಕೆ ಕ್ಯಾಲಿಫೋರ್ನಿಯಾ ರಿಟರ್ನ್ ಹಾಕಲೇ ಇಲ್ಲ. ಮತ್ತೆ ಎಷ್ಟೋ ತಿಂಗಳ ಮೇಲೆ ಅಲ್ಲಿಯ ತೆರಿಗೆ ಇಲಾಖೆಯ ಕಾಗದ ಬಂತು: ರಿಟರ್ನ್ ಹಾಕಿ, ಇಲ್ಲ ಯಾಕೆ ಬೇಡ ಅಂತ ಹೇಳಿ.

ನಾನು ವಾದ ಮಾಡುವ ಅಂತ ಕೂತೆ. ಆಗ ಗೊತ್ತಾದದ್ದು 2019ರ ಒಂದು ತೀರ್ಪು. ಅರಿಜೋನಾದಲ್ಲಿದ್ದ ಒಬ್ಬ ಚಿತ್ರಕಥೆ ಬರಹಗಾರ, ಬರೆದದ್ದೆಲ್ಲ ಅರಿಜೋನಾದಲ್ಲಿ, ದುಡ್ಡು ಕೊಟ್ಟದ್ದು ಕ್ಯಾಲಿಫೋರ್ನಿಯಾ ಕಂಪನಿಗಳು. ಆ ದುಡ್ಡು ಕ್ಯಾಲಿಫೋರ್ನಿಯಾ ಮೂಲದ್ದೇ ಅಂತ ಅಲ್ಲಿಯ ತೆರಿಗೆ ಮೇಲ್ಮನವಿ ಕಚೇರಿ ಹೇಳಿತು. ಅದನ್ನು ಓದಿದ ಮೇಲೆ ವಾದ ಬಿಟ್ಟೆ, ದುಡ್ಡು ಕಟ್ಟಿದೆ. ತೆರಿಗೆಗಿಂತ ದಂಡ ಬಡ್ಡಿಯೇ ಹೊಟ್ಟೆ ಉರಿಸಿತು.

ಶ್ರುತಿಪೆಟ್ಟಿಗೆ · 15 ಫೆಬ್ರವರಿ

ಇದನ್ನು ಯಜಮಾನರು ಎರಡು ಸಲ ಓದಿದರು. ಈಗ ಸುಮ್ಮನಾಗಿದ್ದಾರೆ. ಮೇಷ್ಟ್ರೇ, ಲೆಕ್ಕ ಹೇಗೆ ಹಂಚಬೇಕು?

ಲೆಕ್ಕದ_ಮೇಷ್ಟ್ರು · 15 ಫೆಬ್ರವರಿ

ನಿಮ್ಮ ನೋಟ್‌ಬುಕ್ ಇಟ್ಟುಕೊಂಡು ಕೂತುಕೊಳ್ಳಿ.

ಜುಲೈ 31ರವರೆಗೆ: 15,400ರಲ್ಲಿ 2,700 ಖರ್ಚು ಕಳೆದರೆ 12,700. ಪೂರ್ತಿ ಕ್ಯಾಲಿಫೋರ್ನಿಯಾಗೆ.

ಆಗಸ್ಟ್ 1ರಿಂದ: ಬಂದದ್ದು 6,500 ಮತ್ತು 1,800, ಒಟ್ಟು 8,300. ಖರ್ಚು 1,200. ಲಾಭ 7,100. ಇದರಲ್ಲಿ ಕ್ಯಾಲಿಫೋರ್ನಿಯಾದ ಪಾಲು 6,500 ಭಾಗಿಸು 8,300, ಅಂದರೆ ಶೇಕಡಾ 78.31. 7,100ರಲ್ಲಿ ಅಷ್ಟು ಅಂದರೆ 5,560. ಈ ಹಂಚಿಕೆ ತೋರಿಸೋದಕ್ಕೆ ಶೆಡ್ಯೂಲ್ ಆರ್ ಅಂತ ಒಂದಿದೆ.

12,700ಕ್ಕೆ 5,560 ಸೇರಿಸಿ: 18,260. ಇದು ಶೆಡ್ಯೂಲ್ ಸಿಎಯ 'ಇ' ಕಾಲಂನಲ್ಲಿ ಬರಬೇಕಾದ ಅಂಕಿ. ಉಳಿದ 1,540 ಮಾತ್ರ ನಿಜವಾಗಿ ಟೆಕ್ಸಾಸ್‌ನದು.

ಸಾಫ್ಟ್‌ವೇರ್ ಇದನ್ನು ತಾನಾಗಿ ಮಾಡುತ್ತದೆ ಅಂದುಕೊಳ್ಳಬೇಡಿ. "ಇದರಲ್ಲಿ ಕ್ಯಾಲಿಫೋರ್ನಿಯಾದ್ದು ಎಷ್ಟು" ಅಂತ ಒಂದು ಪೆಟ್ಟಿಗೆ ಬರುತ್ತದೆ. ಖಾಲಿ ಬಿಟ್ಟು ಮುಂದೆ ಒತ್ತಿದರೆ ಸೊನ್ನೆಯೋ ಪೂರ್ತಿಯೋ ಕೂತುಬಿಡಬಹುದು. ಅಲ್ಲಿ ನೀವೇ 18,260 ತುಂಬಿ, ಪ್ರಿಂಟ್ ಮಾಡಿ, 'ಇ' ಕಾಲಂ ಕಣ್ಣಾರೆ ನೋಡಿ.

ಇನ್ನೊಂದು ವಿಷಯಕ್ಕೆ ಗಾಬರಿಯಾಗಬೇಡಿ. 540ಎನ್‌ಆರ್ ನಿಮ್ಮಿಬ್ಬರ ಇಡೀ ವರ್ಷದ ಆದಾಯ ಕೇಳುತ್ತದೆ, ಯಜಮಾನರ ಟೆಕ್ಸಾಸ್ ಸಂಬಳವೂ ಸೇರಿ. ಅದರ ಮೇಲೆ ತೆರಿಗೆ ಹಾಕೋದಕ್ಕಲ್ಲ. ಇಡೀ ಆದಾಯಕ್ಕೆ ದರ ಎಷ್ಟು ಬೀಳುತ್ತದೆ ಅಂತ ನೋಡಿ, ಆ ದರವನ್ನು ಕ್ಯಾಲಿಫೋರ್ನಿಯಾ ಪಾಲಿಗೆ ಮಾತ್ರ ಹಾಕುತ್ತಾರೆ. ಜಾಣತನ, ಒಪ್ಪಲೇಬೇಕು.

ಹಾಗೇ ಫೆಡರಲ್‌ನಲ್ಲಿ ಸಣ್ಣ ವ್ಯಾಪಾರಕ್ಕೆ ಸಿಗುವ ಶೇಕಡಾ 20ರ ಕ್ಯೂಬಿಐ ಕಡಿತವನ್ನು ಕ್ಯಾಲಿಫೋರ್ನಿಯಾ ಒಪ್ಪಲ್ಲ. ಎರಡೂ ಕಡೆ ಅಂಕಿ ಹೊಂದಲಿಲ್ಲ ಅಂತ ತಲೆ ಚಚ್ಚಿಕೊಳ್ಳಬೇಡಿ.

ಕ್ಯಾರಿ_ಕನ್ನಡತಿ · 16 ಫೆಬ್ರವರಿ

ಇದು ಟೆಕ್ಸಾಸ್ ಆದ್ದರಿಂದ ಇಷ್ಟಕ್ಕೇ ಮುಗಿಯಿತು. ನಾವು ನ್ಯೂಜೆರ್ಸಿಯಿಂದ ನಾರ್ತ್ ಕ್ಯಾರೊಲಿನಾಗೆ ಬಂದಾಗ ಎರಡು ಸ್ಟೇಟ್‌ಗೂ ಹಾಕಿದ್ದೆವು. ಇಲ್ಲಿ 2025ಕ್ಕೆ ಶೇಕಡಾ 4.25, ಎಲ್ಲರಿಗೂ ಒಂದೇ ದರ. ಇಲ್ಲಿಯ ರಿಟರ್ನ್ ಡಿ-400 ಜೊತೆ ಶೆಡ್ಯೂಲ್ ಪಿಎನ್ ಹಾಕಿ ಅರ್ಧ ವರ್ಷದ್ದು ಹಂಚಬೇಕು.

ಬಂದ ಮೇಲೂ ಹಳೇ ಸ್ಟೇಟ್ ತನ್ನ ಪಾಲು ಕೇಳಿದರೆ, ಅದೇ ದುಡ್ಡಿಗೆ ಹೊಸ ಸ್ಟೇಟೂ ತೆರಿಗೆ ಹಾಕುತ್ತದೆ. ಆಗ ಹೊಸ ಸ್ಟೇಟ್‌ನಲ್ಲಿ, ಅಲ್ಲಿ ಕಟ್ಟಿದ್ದಕ್ಕೆ ಕ್ರೆಡಿಟ್ ಕೇಳಬೇಕು. ಹೊರಗಿನ ಸ್ಟೇಟ್‌ನ ರಿಟರ್ನ್ ಮೊದಲು ಮುಗಿಸಿ, ವಾಸದ ಸ್ಟೇಟ್‌ನದು ಆಮೇಲೆ. ನಾನು ಉಲ್ಟಾ ಮಾಡಿ ಒಂದು ಶನಿವಾರ ಪೂರ್ತಿ ಹಾಳು ಮಾಡಿಕೊಂಡೆ.

ಸಿಯಾಟಲ್_ಸೋನೆಮಳೆ · 16 ಫೆಬ್ರವರಿ

ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ವಾಷಿಂಗ್ಟನ್‌ಗೆ ಬರುವವರೂ ಕೇಳಿಸಿಕೊಳ್ಳಿ. ಇಲ್ಲಿ ವ್ಯಾಪಾರಕ್ಕೆ ಬಿ ಅಂಡ್ ಓ ಅಂತ ಒಂದಿದೆ. ಲಾಭದ ಮೇಲಲ್ಲ, ಒಟ್ಟು ವಹಿವಾಟಿನ ಮೇಲೆ. ಸಣ್ಣವರಿಗೆ ವಿನಾಯಿತಿ ಇದೆ, ಆದರೆ "ಏನೂ ಇಲ್ಲ" ಅಂದುಕೊಂಡು ಕೂರಬೇಡಿ.

ಆರ್‌ಎಸ್‌ಯು_ರಾಯ · 16 ಫೆಬ್ರವರಿ

ನನ್ನದೂ ಒಂದು ಪ್ರಶ್ನೆ. ಟೆಕ್ಸಾಸ್‌ಗೆ ಬಂದ ಮೇಲೆ ಆರ್‌ಎಸ್‌ಯು (ಕಂಪನಿ ಕೊಡುವ ಷೇರು) ವೆಸ್ಟ್ ಆಯಿತು, ಅಂದರೆ ಕೈಗೆ ಬಂತು...

ಲೆಕ್ಕದ_ಮೇಷ್ಟ್ರು · 16 ಫೆಬ್ರವರಿ

ರಾಯರೇ, ಕೊಟ್ಟ ದಿನದಿಂದ ವೆಸ್ಟ್ ಆದ ದಿನದವರೆಗೆ ಕ್ಯಾಲಿಫೋರ್ನಿಯಾದಲ್ಲಿ ದುಡಿದ ದಿನಗಳ ಪಾಲು ಅವರಿಗೆ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಸಂಗೀತ ಪಾಠ ನಡೆಯುತ್ತಿದೆ.

ಶ್ರುತಿಪೆಟ್ಟಿಗೆ · 17 ಫೆಬ್ರವರಿ

ಎರಡು ಪ್ರಶ್ನೆ ಉಳಿದಿವೆ. ಪಾಠದ ಕೋಣೆಯ ಖರ್ಚು ಹಾಕಬಹುದಾ? ಅಲ್ಲಿ 10 ಅಡಿ 12 ಅಡಿ ಕೋಣೆ, ಜಮಖಾನ, ಶ್ರುತಿಪೆಟ್ಟಿಗೆ, ಒಂದು ಬೋರ್ಡು, ಅಷ್ಟೇ. ಇಲ್ಲಿಯ ಕೋಣೆಯಲ್ಲಿ ಒಂದು ಮಂಚ ಇದೆ. ಅತ್ತೆ ಮಾವ ಅಕ್ಟೋಬರ್‌ನಿಂದ ಅಲ್ಲೇ ಮಲಗುತ್ತಿದ್ದಾರೆ. ಪಾಠದ ಹೊತ್ತಿಗೆ ಮಾವ ವಾಕಿಂಗ್ ಹೋಗುತ್ತಾರೆ.

ಇನ್ನೊಂದು, ತಂಬೂರಿಯನ್ನು ಮರದ ಪೆಟ್ಟಿಗೆ ಮಾಡಿಸಿ ಬೇರೆಯಾಗಿ ಕಳಿಸಿದೆವು. 340 ಡಾಲರ್ ಆಯಿತು. ಅದು ನನ್ನ 3,900ರಲ್ಲಿ ಇಲ್ಲ.

ಲೆಕ್ಕದ_ಮೇಷ್ಟ್ರು · 17 ಫೆಬ್ರವರಿ

ಮಾವನವರ ವಾಕಿಂಗ್‌ಗೆ ಐಆರ್‌ಎಸ್ ಕರಗಲ್ಲ. ಕೋಣೆಯನ್ನು ವ್ಯಾಪಾರಕ್ಕೆ ಮಾತ್ರ, ನಿಯಮಿತವಾಗಿ ಬಳಸಬೇಕು ಅನ್ನೋದು ನಿಯಮ. ಮಂಚ ಹಾಕಿ ಅತ್ತೆ ಮಾವ ಮಲಗಿದರೆ ಫ್ರಿಸ್ಕೋ ಕೋಣೆ ಬಿತ್ತು. ಬಿಟ್ಟುಬಿಡಿ.

ಫ್ರೀಮಾಂಟ್ ಕೋಣೆ ಸರಿಯಾಗಿದೆ. ಸುಲಭದ ವಿಧಾನದಲ್ಲಿ ಚದರ ಅಡಿಗೆ 5 ಡಾಲರ್, ಹೆಚ್ಚೆಂದರೆ 300 ಅಡಿ. ನಿಮ್ಮದು 120 ಅಡಿ, ಏಳು ತಿಂಗಳು. 12ಕ್ಕೆ 7ರ ಲೆಕ್ಕದಲ್ಲಿ 70 ಅಡಿ, 350 ಡಾಲರ್. ಎರಡು ಮನೆಗೂ ಹಾಕುವವರು ಗಮನಿಸಿ: ಒಂದೇ ವರ್ಷದಲ್ಲಿ ಈ ಸುಲಭದ ವಿಧಾನ ಒಂದು ಮನೆಗೆ ಮಾತ್ರ. ಇನ್ನೊಂದಕ್ಕೆ ಫಾರ್ಮ್ 8829 ತುಂಬಿ ನಿಜವಾದ ಖರ್ಚು ತೋರಿಸಬೇಕು.

ತಂಬೂರಿ ಪಾಠದ ಸಾಮಾನು. ಅದನ್ನು ಸಾಗಿಸಿದ ಖರ್ಚು ವ್ಯಾಪಾರದ ಖರ್ಚೇ, ರಸೀದಿ ಇಟ್ಟುಕೊಳ್ಳಿ. ಸೋಫಾ, ಗ್ರೈಂಡರ್ ಸಾಗಿಸಿದ್ದಕ್ಕೆ ಫೆಡರಲ್‌ನಲ್ಲಿ 2018ರಿಂದ ಏನೂ ಸಿಗಲ್ಲ, ಸೈನ್ಯದವರಂಥ ಕೆಲವರನ್ನು ಬಿಟ್ಟು. ಇವೆರಡನ್ನೂ ಸೇರಿಸಿಕೊಂಡು ಮೇಲಿನ ಅಂಕಿಗಳನ್ನು ಮತ್ತೊಮ್ಮೆ ಮಾಡಿ. ಲಾಭ ಸ್ವಲ್ಪ ಇಳಿಯುತ್ತದೆ.

ಕರಾವಳಿ_ಕಾಫಿ · 17 ಫೆಬ್ರವರಿ

ಅಕ್ಕಾ, ಫ್ರೀಮಾಂಟ್‌ನಲ್ಲಿ ಸಿಟಿ ಬಿಸಿನೆಸ್ ಲೈಸೆನ್ಸ್ ಮಾಡಿಸಿದ್ದರೆ ಅದನ್ನು ಮುಚ್ಚಿಸಿ. ನಾನು ನಮ್ಮೂರಿನದನ್ನು ಮರೆತು, ಎರಡು ವರ್ಷ ನವೀಕರಣದ ನೋಟೀಸು ಹಳೇ ಮನೆಗೆ ಹೋಗುತ್ತಿತ್ತು.

ಎಲ್‌ಎಲ್‌ಸಿ ಇರುವವರಿಗಂತೂ ಕೈ ಮುಗಿದು ಹೇಳುತ್ತೇನೆ. ಕ್ಯಾಲಿಫೋರ್ನಿಯಾ ಎಲ್‌ಎಲ್‌ಸಿಗೆ ವರ್ಷಕ್ಕೆ 800 ಡಾಲರ್, ಲಾಭ ಇರಲಿ ಬಿಡಲಿ. ನೀವು ಊರು ಬಿಟ್ಟ ಕೂಡಲೇ ಅದು ಸಾಯುವುದಿಲ್ಲ. ಎಲ್‌ಎಲ್‌ಸಿಯ ಕೊನೆಯ ರಿಟರ್ನ್, ಅಂದರೆ ಫಾರ್ಮ್ 568ರಲ್ಲಿ, ಫೈನಲ್ ಅಂತ ಗುರುತು ಹಾಕಿ, ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ರದ್ದು ಮಾಡಿಸಬೇಕು. ನನ್ನ ಗೆಳೆಯ ಬ್ಯಾಂಕ್ ಖಾತೆ ಮುಚ್ಚಿದರೆ ಕಂಪನಿಯೂ ಮುಚ್ಚಿತು ಅಂದುಕೊಂಡಿದ್ದ.

ಹುಬ್ಬಳ್ಳಿ_ಹುಡುಗ · 18 ಫೆಬ್ರವರಿ

ನಿಮ್ಮ ಗೋಳು ಓದಿ ನನ್ನದು ನೆನಪಾತು ನೋಡ್ರಿ. ನಾನು ಅಂಗಡಿಯನ್ನು ಹುಬ್ಬಳ್ಳಿಯಿಂದ ಕೊಲ್ಲಾಪುರಕ್ಕೆ ಒಯ್ದವನು. ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸ್ ಇಡೀ ದೇಶಕ್ಕೆ ಒಂದ, ಪ್ಯಾನ್ ಒಂದ, ಐಟಿಆರ್ ಒಂದ. ರಾಜ್ಯ ದಾಟಿದಾಗ ಕಾಡೋದು ಜಿಎಸ್‌ಟಿ. ಕರ್ನಾಟಕದ ನಂಬರ್ 29ರಿಂದ ಶುರು, ಮಹಾರಾಷ್ಟ್ರದ್ದು 27ರಿಂದ. ವಿಳಾಸ ತಿದ್ದಿದರ ಆಗೂದಿಲ್ಲ. ಅಲ್ಲಿ ಹೊಸದು ತಗೋಬೇಕು, ಇಲ್ಲಿಯದನ್ನು ರದ್ದು ಮಾಡಿಸಬೇಕು, ಮೂರು ತಿಂಗಳೊಳಗ ಜಿಎಸ್‌ಟಿಆರ್-10 ಅನ್ನೋ ಕೊನೆಯ ರಿಟರ್ನ್ ಹಾಕಬೇಕು. ನಾನು ಬೋರ್ಡ್ ಮೇಲೆ ಮರಾಠಿ ಬರೆಸಿದೆ, ಜಿಎಸ್‌ಟಿ ನಂಬರ್ ಮಾತ್ರ 29ರದ್ದೇ ಉಳಿದಿತ್ತು. ಗಿರಾಕಿಯೇ ಬಿಲ್ಲು ನೋಡಿ ಹೇಳಿದ.

ಮಂಡ್ಯ_ಟು_ಮಿಲ್ಪಿಟಾಸ್ · 18 ಫೆಬ್ರವರಿ

ಗಿರಾಕಿಗೆ ಗೊತ್ತಾಯಿತು, ಅಣ್ಣನಿಗೆ ಗೊತ್ತಾಗಲಿಲ್ಲ. ಹೆಹ್ಹೆ.

ಮೇಷ್ಟ್ರೇ, ಬೈಯ್ಯಬೇಡಿ, ಒಂದು ಪ್ರಶ್ನೆ. ಜುಲೈ ಫೀಸನ್ನು ಆಗಸ್ಟ್‌ನಲ್ಲಿ ಕೊಟ್ಟವರಿದ್ದರೆ ಅದು ಯಾವ ಕಡೆ? ನಾನೂ ಜೂನ್‌ನಲ್ಲಿ ಟೆಕ್ಸಾಸ್‌ಗೆ ಹೋಗೋ ಅಂದಾಜಿದೆ. ಮನೆಯಲ್ಲಿ ನಮ್ಮವಳು ಬ್ಲೌಸ್ ಹೊಲಿಯುತ್ತಾಳೆ, ಅವಳಿಗೂ ಇಎಡಿ ಇದೆ.

ಲೆಕ್ಕದ_ಮೇಷ್ಟ್ರು · 18 ಫೆಬ್ರವರಿ

ಇದು ಒಳ್ಳೆಯ ಪ್ರಶ್ನೆ. ಅಂಥ ಜುಲೈ ಫೀಸು ಕ್ಯಾಲಿಫೋರ್ನಿಯಾದ್ದೇ. ಪಾಠ ನಡೆದದ್ದೂ ಅಲ್ಲೇ, ಮಗು ಇದ್ದದ್ದೂ ಅಲ್ಲೇ. ಉಲ್ಟಾ ಇದ್ದರೆ, ಯಾರೋ ಜುಲೈನಲ್ಲೇ ಇಡೀ ವರ್ಷದ ಫೀಸು ಮುಂಗಡ ಕೊಟ್ಟರೆ, ಅದೂ ಕ್ಯಾಲಿಫೋರ್ನಿಯಾಗೇ. ನಿವಾಸಿಯಾಗಿದ್ದಾಗ ಕೈಗೆ ಬಂತಲ್ಲ.

ನೀನು ಹೊರಡುವ ಮುಂಚೆ ಈಗಿನಿಂದಲೇ ನೋಟ್‌ಬುಕ್‌ನಲ್ಲಿ ಒಂದು ಕಾಲಂ ಜಾಸ್ತಿ ಹಾಕಿಸು: ಗಿರಾಕಿಯ ಸ್ಟೇಟ್. ಹೊರಟ ದಿನಕ್ಕೆ ಪುರಾವೆ ಇಟ್ಟುಕೋ: ಹಳೇ ಮನೆಯ ಲೀಸ್ ಮುಗಿದ ಕಾಗದ, ಮೂವರ್ಸ್ ಬಿಲ್ಲು, ಮಕ್ಕಳ ಹೊಸ ಶಾಲೆಯ ಕಾಗದ. ಟೆಕ್ಸಾಸ್‌ನಲ್ಲಿ ಕಾರು ನೋಂದಣಿಗೆ 30 ದಿನ, ಡ್ರೈವಿಂಗ್ ಲೈಸೆನ್ಸ್‌ಗೆ 90 ದಿನ ಗಡುವು. ಬೇಗ ಮಾಡಿಸಿದರೆ ಅದೂ ಪುರಾವೆ. ಕ್ಯಾಲಿಫೋರ್ನಿಯಾ ದಿನ ಎಣಿಸಿ ಬಿಡೋದಿಲ್ಲ, ನಿನ್ನ ಬದುಕಿನ ಬೇರು ಎಲ್ಲಿದೆ ಅಂತ ನೋಡುತ್ತದೆ.

ಶ್ರುತಿಪೆಟ್ಟಿಗೆ · 8 ಮಾರ್ಚ್

ನಿನ್ನೆ ರಾತ್ರಿ ಎರಡೂ ರಿಟರ್ನ್ ಕಳಿಸಿದೆವು. ಕೋಣೆ, ತಂಬೂರಿ ಎರಡೂ ಸೇರಿ ಲಾಭ 19,110ಕ್ಕೆ ಬಂತು. ಸಾಫ್ಟ್‌ವೇರ್ ಮೊದಲ ಸಲ ಕ್ಯಾಲಿಫೋರ್ನಿಯಾಗೆ ಪೂರ್ತಿ 19,110 ಹಾಕಿತ್ತು. ಮೇಷ್ಟ್ರು ಹೇಳಿದ್ದಕ್ಕೆ 'ಇ' ಕಾಲಂ ನೋಡಿದೆ, ತಿದ್ದಿದೆ. ಯಜಮಾನರು ಪಕ್ಕದಲ್ಲಿ ಕೂತು ಕ್ಯಾಲ್ಕ್ಯುಲೇಟರ್ ಒತ್ತಿದರು. ಮಾತಾಡಲಿಲ್ಲ.

ಈ ವರ್ಷ? ಆ 13ರಲ್ಲಿ 11 ಮಕ್ಕಳು ಇನ್ನೂ ಇದ್ದಾರೆ.

ಲೆಕ್ಕದ_ಮೇಷ್ಟ್ರು · 8 ಮಾರ್ಚ್

ಅವರು ಕಲಿಯುವವರೆಗೆ 540ಎನ್‌ಆರ್ ನಿಮ್ಮ ಜೊತೆಗಿರುತ್ತದೆ, ಈ ಸಲ ಪೂರ್ತಿ ಅನಿವಾಸಿಯಾಗಿ. ಏಪ್ರಿಲ್ 15ಕ್ಕೆ ಅಂದಾಜು ತೆರಿಗೆಯ ಮೊದಲ ಕಂತು. ಫೆಡರಲ್‌ಗೆ ನಾಲ್ಕು ಸಮ ಕಂತು. ಕ್ಯಾಲಿಫೋರ್ನಿಯಾದ್ದು ವಿಚಿತ್ರ: ಶೇಕಡಾ 30, 40, ಸೊನ್ನೆ, 30. ಸೆಪ್ಟೆಂಬರ್‌ನಲ್ಲಿ ಅವರಿಗೆ ಏನೂ ಬೇಡ.

ಶ್ರುತಿಪೆಟ್ಟಿಗೆ · 8 ಮಾರ್ಚ್

ನನ್ನ ತಾಳವೇ ಇದಕ್ಕಿಂತ ಸುಲಭ. ಮೇಷ್ಟ್ರೇ, ನಿಮ್ಮ ಮೊಮ್ಮಗಳಿಗೆ ಪಾಠ ಬೇಕು ಅಂದಿದ್ದಿರಿ. ಶನಿವಾರ ಬೆಳಗ್ಗೆ 10, ಟೆಕ್ಸಾಸ್ ಹೊತ್ತು. ಅವರ ಮನೆ ಯಾವ ಸ್ಟೇಟ್‌ನಲ್ಲಿದೆ ಅಂತ ಮೊದಲು ಹೇಳಿಬಿಡಿ, ಕಾಲಂ ಹಾಕಿಟ್ಟಿದ್ದೇನೆ.